ಮಳೆ ನೀರಿಗೂ ಒಂದು ಖಾತೆ ಮಾಡಿಕೊಡಿ: ಬೆಂಗಳೂರಿನ 28 ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಪತ್ರ ಯಾರೋ ಒಬ್ಬರಿಗೆ ಬರೆದದ್ದಲ್ಲ. ಬೆಂಗಳೂರಿನ 28 ಕ್ಷೇತ್ರಗಳಿಂದ ಗೆದ್ದು ಬಂದ ನಿಮ್ಮೆಲ್ಲರಿಗೂ, ಪಕ್ಷ ಯಾವುದೇ ಇರಲಿ, ಒಟ್ಟಿಗೆ ಬರೆದದ್ದು. ಮಳೆನೀರಿಗೆ ಅಂತಲೇ ಒಂದು ಕಾನೂನು, ಒಂದು ಸಂಸ್ಥೆ, ಅದನ್ನು ನಡೆಸಲು ಒಂದು ಶುಲ್ಕ ಬೇಕು ಅಂತ ಕೇಳಲು. ಎಂಜಿನಿಯರುಗಳಿಗೆ ಯಾಕೆ ಬರೆಯಲಿಲ್ಲ ಅಂತ ಕೇಳಬಹುದು. ಅವರಿಗೆ ಹನ್ನೊಂದು ಅರ್ಜಿ ಕೊಟ್ಟಾಗಿದೆ. ಅವರು ಹೂಳು ಎತ್ತಬಹುದು, ತಡೆಗೋಡೆ ಕಟ್ಟಬಹುದು. ಕಾನೂನು ಬರೆಯಲು ಅವರಿಗೆ ಬರುವುದಿಲ್ಲ. ಅದು ನಿಮ್ಮ ಕೆಲಸ.

ನಾನು ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ಬರೆದು ನಿವೃತ್ತನಾದವನು. ನಗರದ ಆಗ್ನೇಯ ಭಾಗದಲ್ಲಿ, ರಾಜಕಾಲುವೆಯಿಂದ ಎರಡು ಬೀದಿ ಈಚೆ, ತಗ್ಗಿನಲ್ಲಿರುವ ಬಡಾವಣೆಯೊಂದರಲ್ಲಿ ನನ್ನ ಮನೆ. ಬಡಾವಣೆಯ ಹೆಸರು ಬೇಡ. ಹೆಸರು ಹಾಕಿದರೆ ಸೈಟಿನ ರೇಟು ಬೀಳುತ್ತದೆ ಅಂತ ಪಕ್ಕದ ಮನೆಯವರು ಮೊದಲೇ ತಾಕೀತು ಮಾಡಿದ್ದಾರೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ಗಣಪತಿ ಹಬ್ಬ ಮುಗಿದು ನಾಲ್ಕು ದಿನ ಆಗಿತ್ತು. ಆ ರಾತ್ರಿ ನಿಮಗೂ ನೆನಪಿರುತ್ತದೆ, ಮರುದಿನ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ದೇಶವೆಲ್ಲ ನೋಡಿತಲ್ಲ, ಅದೇ. 24 ಗಂಟೆಯಲ್ಲಿ 131.6 ಮಿ.ಮೀ. ಮಳೆ ಅಂತ ಹವಾಮಾನ ಇಲಾಖೆಯ ಲೆಕ್ಕ. ನಮ್ಮ ಮನೆಗೆ ನೀರು ಬಾಗಿಲಿಂದ ಬರಲಿಲ್ಲ. ಮೊದಲು ಬಚ್ಚಲಿನಲ್ಲಿ ಗುಳುಗುಳು ಸದ್ದು. ಎದ್ದು ಲೈಟ್ ಹಾಕಿ ನೋಡಿದರೆ ನೀರು ಹೋಗಬೇಕಾದ ಜಾಲರಿಯಿಂದಲೇ ಕಪ್ಪು ನೀರು ಮೇಲೆ ಉಕ್ಕುತ್ತಿತ್ತು. ಅದರ ಬಾಯಿಗೆ ಗೋಣಿಚೀಲ ತುರುಕುವಷ್ಟರಲ್ಲಿ ಗೇಟಿನ ಕಡೆಯಿಂದ ಇನ್ನೊಂದು ನೀರು ಬಂತು. ಬೆಳಿಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ತೇಲುತ್ತಿತ್ತು. ಸಂಪಿನೊಳಗೆ ಮೋರಿ ನೀರು ತುಂಬಿ, ಅದನ್ನು ಮೂರು ಸಲ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿದರೂ ದೀಪಾವಳಿವರೆಗೆ ಆ ವಾಸನೆ ಹೋಗಲಿಲ್ಲ.

ಬೀರುವಿನ ಕೆಳಗಿನ ಅರೆಯಲ್ಲಿ ಮನೆಯ ಪತ್ರಗಳಿದ್ದವು. ಅದು ನನ್ನದೇ ದಡ್ಡತನ, ಒಪ್ಪಿಕೊಳ್ಳುತ್ತೇನೆ. ಕ್ರಯಪತ್ರವನ್ನು ಹಾಳೆ ಹಾಳೆಯಾಗಿ ಬಿಡಿಸಿ, ಹಾಲಿನಲ್ಲಿ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ಫ್ಯಾನಿನ ಕೆಳಗೆ ಒಣಗಿಸಿದೆವು. ಹಾಗೆ ಒಣಗಿಸುತ್ತಾ ಇದ್ದಾಗ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮೂಲ ಪತ್ರದ ಚಕ್ಕುಬಂದಿಯನ್ನು ನಿಜವಾಗಿ ಓದಿದೆ. ಈ ಬಡಾವಣೆ ಹೊಲವಾಗಿದ್ದ ಕಾಲದ ಪತ್ರ ಅದು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ಬಂಡಿದಾರಿ, ಉತ್ತರಕ್ಕೆ "ನೀರು ಹೋಗುವ ಹಳ್ಳ". ಈಗ ಉತ್ತರಕ್ಕೆ ನಾಲ್ಕು ಅಂತಸ್ತಿನ ಒಂದು ಪಿಜಿ ಇದೆ. ನೀರು ಮಾತ್ರ ಹಳೇ ಪತ್ರವನ್ನೇ ನಂಬಿಕೊಂಡಿದೆ.

ಮುಂದಿನ ವಾರ ಫೋಟೋ, ಪತ್ರದ ಜೆರಾಕ್ಸ್ ಎಲ್ಲಾ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಇಲ್ಲಿ ಬೇಡ, ಯಾಕೆಂದರೆ ತಪ್ಪು ಒಂದು ಕಚೇರಿಯದಲ್ಲ. ಬಚ್ಚಲಿನಿಂದ ಬಂದದ್ದು ಒಳಚರಂಡಿ ನೀರು, ಅದು ನಮ್ಮದಲ್ಲ ಅಂದರು. ಗೇಟಿನಿಂದ ಬಂದದ್ದು ಬೀದಿ ಚರಂಡಿಯ ನೀರು, ಅದಕ್ಕೆ ವಾರ್ಡಿನ ಎಂಜಿನಿಯರನ್ನು ಕೇಳಿ ಅಂದರು. ದೊಡ್ಡ ಕಾಲುವೆಗೆ ಬೇರೆಯೇ ವಿಭಾಗ. ಹಳ್ಳ ಎಲ್ಲಿತ್ತು ಅಂತ ಅಳೆಯುವುದು ಸರ್ವೆಯವರು. ಅದರ ಮೇಲೆ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡಿದ್ದು ಇನ್ನೊಬ್ಬರು. ಒಟ್ಟು ಐದು ಕೌಂಟರ್. ಐದನೆಯ ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು, ನೀರು ಕುಡಿಯಲು ಕೊಟ್ಟ. "ಸರ್, ಮಳೆ ನೀರು ಅಂತ ಒಂದು ಸೆಕ್ಷನ್ನೇ ಇಲ್ಲ ನಮ್ಮಲ್ಲಿ" ಅಂದ.

ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ನಲ್ಲಿ ನೀರಿಗೆ ಮತ್ತು ಕಕ್ಕಸಿನ ನೀರಿಗೆ 1964ರ ಕಾಯ್ದೆಯ ಜಲಮಂಡಳಿ ಇದೆ. ಅದಕ್ಕೆ ಮೀಟರ್ ಇದೆ, ಬಿಲ್ ಇದೆ, ದೂರು ಕೊಡಲು ಒಂದು ವಿಳಾಸ ಇದೆ. ಕರೆಂಟಿಗೆ ಬೆಸ್ಕಾಂ ಇದೆ. ಆಕಾಶದಿಂದ ಬೀಳುವ ನೀರಿಗೆ ಏನಿದೆ? ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಅಂತ 18 ವಿಷಯಗಳ ಪಟ್ಟಿ ಕೊಟ್ಟಿದೆ. ನಾನು ಕೂತು ಓದಿದೆ. ಕುಡಿಯುವ ನೀರು ಇದೆ, ಬೀದಿ ದೀಪ ಇದೆ, ಸ್ಮಶಾನ ಇದೆ, ಕಸಾಯಿಖಾನೆ ಇದೆ, ದನದ ದೊಡ್ಡಿ ಕೂಡ ಇದೆ. ಮಳೆನೀರು ಚರಂಡಿ ಎಂಬ ಪದ ಇಲ್ಲ. ರಾಜ್ಯ ಪಟ್ಟಿಯ 17ನೇ ಬಾಬ್ತಿನಲ್ಲಿ ನೀರಾವರಿ, ನಾಲೆಗಳ ಜೊತೆ ಚರಂಡಿಯನ್ನೂ ಸೇರಿಸಿ ನಿಮಗೆ, ಅಂದರೆ ರಾಜ್ಯದ ಶಾಸಕಾಂಗಕ್ಕೆ ಕೊಟ್ಟಿದ್ದಾರೆ. ಹಾಗಾಗಿ ಈ ಪತ್ರದ ವಿಳಾಸ ಸರಿಯಾಗಿಯೇ ಇದೆ.

ಇದೆಲ್ಲ ಹೊಸ ಆಸೆ ಅಂದುಕೊಳ್ಳಬೇಡಿ. ನಮ್ಮ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ಸವರುವುದು, ಕೋಡಿ ಬಿದ್ದರೆ ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು. ಕೆರೆ ನೋಡಿಕೊಳ್ಳಲೆಂದೇ ಬಿಟ್ಟ ಜಮೀನುಗಳ, ಅಂದರೆ ಬಿತ್ತುವಟ್ಟ, ಕಟ್ಟುಕೊಡಗೆಗಳ ಮಾತು ನಮ್ಮ ಶಾಸನಗಳ ತುಂಬ ಇದೆ. ಕೆರೆಯ ನೀರಿನಿಂದ ಬೆಳೆದದ್ದರಲ್ಲಿ ಒಂದು ಪಾಲು ಕೆರೆಗೇ ವಾಪಸ್. ಆ ಪಾಲು ರಾಜನ ಬೊಕ್ಕಸಕ್ಕೆ ಹೋಗಿ ಅಲ್ಲಿಂದ ಟೆಂಡರ್ ಆಗಿ ಬರುತ್ತಿರಲಿಲ್ಲ. ನಾನು ಕೇಳುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಬೆಂಗಳೂರು ಗುಡ್ಡದ ಬೆನ್ನಿನ ಮೇಲೆ ಕೂತ ಊರು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಂಥ ಊರು ಮುಳುಗುವುದೇ ಒಂದು ಸಾಧನೆ. ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಕಣಿವೆಯಲ್ಲಿ ನೀರು ತಾನಾಗಿಯೇ ಇಳಿದು ಹೋಗುತ್ತಿತ್ತು, ಒಂದು ಕೆರೆ ತುಂಬಿ ಕೋಡಿ ಹರಿದರೆ ಅದು ಕೆಳಗಿನ ಕೆರೆಗೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ಇದು ಎಲ್ಲರಿಗೂ ಗೊತ್ತಿರುವ ಕತೆ, ಮತ್ತೆ ಹೇಳುವುದಿಲ್ಲ. ಆದರೆ 2021ರಲ್ಲಿ ನಿಮ್ಮದೇ ಸದನದ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವವರು) ವರದಿಯ ನಾಲ್ಕು ಸಂಖ್ಯೆ ಮಾತ್ರ ನೆನಪಿಸುತ್ತೇನೆ. 19ನೇ ಶತಮಾನದ ಶುರುವಿನಲ್ಲಿ ಈ ಪ್ರದೇಶದಲ್ಲಿ 1,452 ಜಲಮೂಲಗಳು, 35 ಟಿಎಂಸಿ ನೀರು ಹಿಡಿಯುವ ಜಾಗ. 2016ಕ್ಕೆ ಉಳಿದದ್ದು 194, ಹಿಡಿಯುವುದು 5 ಟಿಎಂಸಿ. ಕೋರಮಂಗಲ ಕಣಿವೆಯ ಕಾಲುವೆಗಳ ಉದ್ದವೂ ಹಳೇ ನಕ್ಷೆಗೆ ಹೋಲಿಸಿದರೆ ಅರ್ಧದ ಹತ್ತಿರಕ್ಕೆ ಇಳಿದಿದೆ ಅಂತ ಅದೇ ವರದಿ ಹೇಳಿದೆ. ಬ್ಯಾಂಕಿನಲ್ಲಿ ಯಾವುದಾದರೂ ಖಾತೆಯಲ್ಲಿ ಹೀಗೆ ಅಸಲು ಕರಗಿದ್ದರೆ ಮ್ಯಾನೇಜರ್ ಮನೆಗೆ ಹೋಗುತ್ತಿದ್ದ.

ಈಗ ನನ್ನ ಲೆಕ್ಕ.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ, ಪಕ್ಕದ ಮನೆಯ ಪಿಯುಸಿ ಹುಡುಗನನ್ನು ಕರೆದುಕೊಂಡು, ಟೇಪು ಹಿಡಿದು ನಮ್ಮ ಬೀದಿಯನ್ನು ಅಳೆದೆ. 34 ಸೈಟು, ಎಲ್ಲಾ 30-40. ಜನ ಮೊದಲು ಗಾಬರಿಯಾದರು, ರಸ್ತೆ ಅಗಲ ಮಾಡುತ್ತಾರೆ ಅಂತ. ಮಣ್ಣು ಕಣ್ಣಿಗೆ ಬಿದ್ದದ್ದು ಮೂರೇ ಕಡೆ: ಒಂದು ಮನೆಯಲ್ಲಿ ತೆಂಗಿನಮರದ ಬುಡ, ಇನ್ನೊಂದರಲ್ಲಿ ಪಾರಿಜಾತದ ಬುಡ, ಆಮೇಲೆ ಪಾರ್ಥೇನಿಯಂ ಬೆಳೆದ ಒಂದು ಖಾಲಿ ಸೈಟು. ಮಿಕ್ಕದ್ದೆಲ್ಲ ಕಾಂಕ್ರೀಟು, ಗ್ರಾನೈಟು, ಟೈಲ್ಸು. ಕಾರು ನಿಲ್ಲಿಸಲು ಜಾಗ, ತೊಳೆಯಲು ಸುಲಭ. ನಮ್ಮ ಮನೆ ಅಂಗಳವೂ ಹಾಗೇ, ನಾನೇನೂ ಸಾಚಾ ಅಲ್ಲ.

30-40 ಸೈಟು ಅಂದರೆ 1,200 ಚದರಡಿ. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 11 ಸಾವಿರ ಲೀಟರ್. ಖಾಲಿ ಸೈಟು ಬಿಟ್ಟು 33 ಮನೆಗೆ ಮೂರೂವರೆ ಲಕ್ಷ ಲೀಟರ್ ದಾಟುತ್ತದೆ. ಇಷ್ಟೂ ನೀರು ಒಂದೂವರೆ ಅಡಿ ಅಗಲದ, ಅರ್ಧ ಹೂಳು ಇನ್ನರ್ಧ ಇಂಟರ್ನೆಟ್ ಕೇಬಲ್ ತುಂಬಿದ ಚರಂಡಿಯಲ್ಲಿ ಒಂದೇ ರಾತ್ರಿ ಹೋಗಬೇಕು. ಮೇಲಿನ ರಸ್ತೆಯ ಹತ್ತು ಎಕರೆ ಕ್ಯಾಂಪಸ್ಸಿನ ಲೆಕ್ಕ ಹಾಕಿದರೆ ಒಂದು ಮಳೆಗೆ 40 ಲಕ್ಷ ಲೀಟರ್. ಅದೂ ನಮ್ಮ ಕಡೆಗೇ ಇಳಿಯುತ್ತದೆ, ನೀರಿಗೆ ಇಳಿಜಾರು ಬಿಟ್ಟರೆ ಬೇರೆ ನ್ಯಾಯ ಗೊತ್ತಿಲ್ಲ. 2024ರ ಮಾರ್ಚಿನಲ್ಲಿ ಇದೇ ಊರಿನಲ್ಲಿ ನೀರಿಲ್ಲದೆ ಜನ ಒದ್ದಾಡಿದಾಗ ಜಿಲ್ಲಾಡಳಿತ 12 ಸಾವಿರ ಲೀಟರಿನ ಟ್ಯಾಂಕರಿಗೆ, ಐದು ಕಿ.ಮೀ. ಒಳಗೆ, ಸಾವಿರ ರೂಪಾಯಿ ದರ ಕಟ್ಟಿತ್ತು. ಅಂದರೆ ಒಂದು ಜೋರು ಮಳೆಗೆ ಪ್ರತಿ ಮನೆಯ ತಾರಸಿಯ ಮೇಲೆ ಹತ್ತಿರ ಹತ್ತಿರ ಸಾವಿರ ರೂಪಾಯಿಯ ನೀರು ಬೀಳುತ್ತದೆ, ಅದನ್ನು ನಾವು ಕೆಳಗಿನ ಮನೆಯವರ ಬಚ್ಚಲಿಗೆ ಕಳಿಸುತ್ತೇವೆ.

ಇಲ್ಲಿ ನನ್ನ ತಂಗಿಯ ಮಗನ ವಿಷಯ ಹೇಳಬೇಕು. ಅವನು ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದಾನೆ. ನನ್ನ ಗೋಳು ಕೇಳಿ ಕೇಳಿ ಒಂದು ದಿನ ತನ್ನ ನೀರಿನ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡಿದ. "ಮಾವ, ಇಲ್ಲಿ ಮಳೆಗೂ ಬಿಲ್ ಹಾಕ್ತಾರೆ ನೋಡಿ" ಅಂತ ಕೆಳಗೊಂದು ನಗುವ ಮುಖ. ನಿಜ, ನೀರು, ಒಳಚರಂಡಿ ಆದಮೇಲೆ ಮೂರನೇ ಸಾಲು ಸ್ಟಾರ್ಮ್ ವಾಟರ್. ನನಗೆ ನಗು ಬರಲಿಲ್ಲ. ಆಮೇಲೆ ಒಂದು ತಿಂಗಳು ಅದನ್ನೇ ಓದಿದೆ.

ಆ ದೇಶದ ಪಶ್ಚಿಮ ತುದಿಯ ಬೆಲ್ವ್ಯೂ ಎಂಬ ಊರು 1974ರಲ್ಲೇ ಮಳೆನೀರಿಗೆ ಅಂತ ಬೇರೆ ಸಂಸ್ಥೆ ಮಾಡಿತು. ವಿದ್ಯುತ್ ಕಂಪನಿ ಇದ್ದ ಹಾಗೆ ಮಳೆನೀರು ಕಂಪನಿ, ಆದರೆ ನಗರಸಭೆಯದ್ದೇ. ಈಗ ಅಂಥವು ಅಲ್ಲಿ ಸಾವಿರಕ್ಕೂ ಜಾಸ್ತಿ ಇವೆ. ಫಿಲಡೆಲ್ಫಿಯಾದಲ್ಲಿ ಮೊದಲು ಮಳೆನೀರಿನ ಶುಲ್ಕವನ್ನು ನಲ್ಲಿ ಮೀಟರಿನ ಗಾತ್ರ ನೋಡಿ ಹಾಕುತ್ತಿದ್ದರು. ಅದರಿಂದ ಏನಾಯಿತು ಅಂದರೆ, ದೊಡ್ಡ ಮೀಟರಿನ ಎತ್ತರದ ಕಟ್ಟಡ ಸಿಕ್ಕಾಪಟ್ಟೆ ಕಟ್ಟುತ್ತಿತ್ತು, ಎಕರೆಗಟ್ಟಲೆ ಡಾಂಬರು ಹಾಕಿದ ಪಾರ್ಕಿಂಗ್ ಜಾಗಕ್ಕೆ ನಲ್ಲಿಯೇ ಇಲ್ಲ, ಆದ್ದರಿಂದ ಬಿಲ್ಲೂ ಇಲ್ಲ. 2010ರಿಂದ ಅಂಗಡಿ, ಆಫೀಸು, ಕಾರ್ಖಾನೆಗಳಿಗೆ ಲೆಕ್ಕ ಬದಲಾಯಿಸಿದರು: ನಿಮ್ಮ ಜಾಗ ಎಷ್ಟು, ಅದರಲ್ಲಿ ನೀರು ಇಂಗದ ನೆಲ ಎಷ್ಟು, ಅಷ್ಟಕ್ಕೆ ದುಡ್ಡು. ಡಾಂಬರು ಕಿತ್ತು ಮಣ್ಣು ಬಿಟ್ಟರೆ, ಇಂಗುಗುಂಡಿ ಮಾಡಿದರೆ ರಿಯಾಯಿತಿ. ಪಾರ್ಕಿಂಗ್ ಜಾಗದ ಮಾಲೀಕರಿಗೆ ಆಗ ಮೊದಲ ಸಲ ಮಳೆ ಕಂಡಿರಬೇಕು.

ಎಲ್ಲಾ ಸುಸೂತ್ರ ಆಯಿತು ಅಂತಲ್ಲ, ಅಲ್ಲಿನ ಜಗಳಗಳೇ ನಮಗೆ ಜಾಸ್ತಿ ಉಪಯೋಗ. ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಿನ ಶುಲ್ಕದ ವಿರುದ್ಧ ಒಬ್ಬ ನಿವಾಸಿ ಕೋರ್ಟಿಗೆ ಹೋದ. 1998ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಇದು ಹೆಸರಿಗೆ ಶುಲ್ಕ, ನಿಜದಲ್ಲಿ ತೆರಿಗೆ, ಮತದಾರರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ ಅಂತ ರದ್ದು ಮಾಡಿತು. ಮೇರಿಲ್ಯಾಂಡ್ ರಾಜ್ಯದಲ್ಲಿ 2012ರಲ್ಲಿ ದೊಡ್ಡ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಇಂಥ ಶುಲ್ಕ ಹಾಕಲೇಬೇಕು ಅಂತ ಕಾನೂನು ಬಂತು. ವಿರೋಧ ಪಕ್ಷದವರು ಅದಕ್ಕೆ "ಮಳೆ ತೆರಿಗೆ" ಅಂತ ಹೆಸರಿಟ್ಟರು. ಒಂದು ಕೌಂಟಿ ಸಿಟ್ಟಿಗೆ ವರ್ಷಕ್ಕೆ ಒಂದೇ ಒಂದು ಸೆಂಟ್ ಶುಲ್ಕ ಹಾಕಿತು. 2015ರಲ್ಲಿ ಆ ಕಡ್ಡಾಯವನ್ನೇ ತೆಗೆದರು. ಇನ್ನೊಂದು ಜಗಳ ಅಲ್ಲಿನ ಕೇಂದ್ರ (ಫೆಡರಲ್) ಸರ್ಕಾರದ ಜೊತೆ. ನಗರದೊಳಗಿನ ಫೆಡರಲ್ ಕಚೇರಿಗಳು, ಇದು ತೆರಿಗೆ, ನಮಗೆ ನೀವು ತೆರಿಗೆ ಹಾಕುವಂತಿಲ್ಲ ಅಂತ ಬಿಲ್ ವಾಪಸ್ ಮಾಡುತ್ತಿದ್ದವು. ನಗರಸಭೆಗಳು, ಅವುಗಳ ಒಕ್ಕೂಟಗಳು ಪಟ್ಟು ಹಿಡಿದು, 2011ರ ಜನವರಿಯಲ್ಲಿ ಶುದ್ಧ ಜಲ ಕಾಯ್ದೆಗೇ ತಿದ್ದುಪಡಿ ಮಾಡಿಸಿದವು. ಈಗ ಸರ್ಕಾರಿ ಕಟ್ಟಡವೂ ಮಳೆನೀರಿನ ಬಿಲ್ ಕಟ್ಟಬೇಕು.

ತೆರಿಗೆಯೋ ಶುಲ್ಕವೋ ಎಂಬ ಈ ತಕರಾರು ನಮ್ಮಲ್ಲೂ ಬಂದೇ ಬರುತ್ತದೆ. ಮೊದಲ ಬಿಲ್ ಹೋದ ಮರುದಿನವೇ ಯಾವುದೋ ಮಾಲ್ ಹೈಕೋರ್ಟಿನಲ್ಲಿರುತ್ತದೆ. ಅದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಉಡುಪಿಗೆ ಹೋದರೆ ಸಾಕು. 1954ರಲ್ಲಿ ಶಿರೂರು ಮಠದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ತೆರಿಗೆಗೂ ಶುಲ್ಕಕ್ಕೂ ಗೆರೆ ಎಳೆಯಿತು. ತೆರಿಗೆ ಬೊಕ್ಕಸಕ್ಕೆ ಹೋಗಿ ಯಾವುದಕ್ಕೆ ಬೇಕಾದರೂ ಖರ್ಚಾಗಬಹುದು. ಶುಲ್ಕ ಅಂದರೆ ಕೊಟ್ಟವನಿಗೆ ಒಂದು ಸೇವೆ ಸಿಗಬೇಕು, ಆ ದುಡ್ಡನ್ನು ಆ ಸೇವೆಗೇ ಬೇರೆಯಾಗಿ ಇಡಬೇಕು. ಮುಂದಿನ ತೀರ್ಪುಗಳಲ್ಲಿ ಹಗ್ಗ ಸ್ವಲ್ಪ ಸಡಿಲವಾಯಿತು, ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ, ಒಟ್ಟಾರೆ ಸಂಬಂಧ ಕಂಡರೆ ಸಾಕು ಅಂತ. ಆದರೂ ಮೂಲ ಮಾತು ಹಾಗೇ ಇದೆ. ಮಳೆನೀರಿನ ದುಡ್ಡನ್ನು ಮೇಲ್ಸೇತುವೆಗೆ ಬಳಸಿದ ದಿನ ಅದು ಶುಲ್ಕವಾಗಿ ಉಳಿಯುವುದಿಲ್ಲ.

ಕೇಂದ್ರದ ಕಟ್ಟಡಗಳ ವಿಷಯಕ್ಕೂ ದಾರಿ ಇದೆ. ಈ ಊರಿನಲ್ಲಿ ರಕ್ಷಣಾ ಇಲಾಖೆ, ರೈಲ್ವೆ ಜಾಗ ಎಷ್ಟಿದೆ ಅಂತ ನಿಮಗೇ ಗೊತ್ತು. ಸಂವಿಧಾನದ 285ನೇ ವಿಧಿ ಪ್ರಕಾರ ಕೇಂದ್ರದ ಆಸ್ತಿಗೆ ತೆರಿಗೆ ಹಾಕುವಂತಿಲ್ಲ. ಆದರೆ ಸೇವಾ ಶುಲ್ಕ ಬೇರೆ. ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇಂದ್ರವೇ ಇದಕ್ಕೆ ಒಪ್ಪಿಕೊಂಡಿದೆ, ಪಾಲಿಕೆ ಕೊಡುವ ಸೌಲಭ್ಯಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಇಂತಿಷ್ಟು ಭಾಗವನ್ನು ಸೇವಾ ಶುಲ್ಕವಾಗಿ ಕೊಡುವುದು ಅಂತ. ಬೇಕಾದ ಬಾಗಿಲು ಆಗಲೇ ತೆರೆದಿದೆ. ರಾಜ್ಯದ ಕಟ್ಟಡಗಳ ಬಗ್ಗೆ ಕೇಳುವುದೇ ಬೇಡ, ವಿಧಾನಸೌಧದ ಪಾರ್ಕಿಂಗಿನಿಂದಲೇ ಶುರು ಮಾಡಿ.

ಇನ್ನು ನೇರವಾಗಿ ಬೇಡಿಕೆಗೆ ಬರುತ್ತೇನೆ. ಮೊದಲನೆಯದು, ಮಳೆನೀರಿಗೆ ಒಂದು ಪ್ರತ್ಯೇಕ ಕಾಯ್ದೆ, ಅದರ ಕೆಳಗೆ ಒಂದೇ ಒಂದು ಸಂಸ್ಥೆ. ಬೀದಿ ಚರಂಡಿಯಿಂದ ಹಿಡಿದು ಕೆರೆಯ ಕೋಡಿವರೆಗೆ ಅದರದ್ದೇ ಜವಾಬ್ದಾರಿ. 2025ರ ಸೆಪ್ಟೆಂಬರಿನಿಂದ ಒಂದಿದ್ದ ಪಾಲಿಕೆ ಐದಾಗಿದೆ. ಆಡಳಿತಕ್ಕೆ ಒಳ್ಳೆಯದೋ ಕೆಟ್ಟದ್ದೋ ಕಾಲ ಹೇಳುತ್ತದೆ, ಆದರೆ ನೀರು ಒಂದು ಪಾಲಿಕೆಯಲ್ಲಿ ಬಿದ್ದು ಇನ್ನೊಂದು ಪಾಲಿಕೆಯ ಮನೆ ಮುಳುಗಿಸುತ್ತದೆ. ಐದು ಕೌಂಟರ್ ಇದ್ದದ್ದು ಇಪ್ಪತ್ತೈದು ಆಗದ ಹಾಗೆ ನೋಡಿಕೊಳ್ಳಿ. ಕಣಿವೆಯೇ ಗಡಿಯಾಗಲಿ, ವಾರ್ಡು ಅಲ್ಲ.

ಕಾಲುವೆಯ ಅಂಚಿನಿಂದ ಎಷ್ಟು ದೂರ ಕಟ್ಟಬಾರದು ಎಂಬುದನ್ನೂ ಆ ಕಾಯ್ದೆಯೊಳಗೇ ಬರೆಯಿರಿ. ಮಾಸ್ಟರ್ ಪ್ಲಾನಿನಲ್ಲಿ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಅಂತ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ ಮತ್ತೆ ಹಳೇ ಅಳತೆಗೆ ತಂದಿತು. ಯಾವುದು ಸರಿ ಅಂತ ನಾನು ವಾದಿಸುತ್ತಿಲ್ಲ. ಅಳತೆ ಹೀಗೆ ಹಿಗ್ಗಿ ಕುಗ್ಗುತ್ತಿದ್ದರೆ ಬಿಲ್ಡರಿಗೆ ಲಾಭ, ಸಾಲ ಮಾಡಿ ಸೈಟು ತೆಗೆದುಕೊಂಡವನಿಗೆ ನಷ್ಟ, ಅಷ್ಟೇ. ಹಳೇ ಗ್ರಾಮ ನಕ್ಷೆಯಲ್ಲಿ ನೀಲಿ ಗೆರೆಯಾಗಿರುವ, ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಬರೆದಿರುವ ಪ್ರತಿ ಹಳ್ಳವನ್ನೂ ಅಳೆದು, ಸರ್ವೆ ನಂಬರ್ ಸಮೇತ ಎಲ್ಲರೂ ನೋಡುವ ಹಾಗೆ ಹಾಕಿ. ನೋಂದಣಿ ಕಚೇರಿಯಲ್ಲಿ ಸೈಟು ನೋಂದಾಯಿಸುವ ಮೊದಲೇ ಇದು ಹಳ್ಳದ ಮೇಲಿದೆ ಅಂತ ಕಂಪ್ಯೂಟರ್ ಹೇಳಬೇಕು. ಮನೆ ಕಟ್ಟಿ ಗೃಹಪ್ರವೇಶ ಮಾಡಿ ಹತ್ತು ವರ್ಷವಾದ ಮೇಲೆ ಜೆಸಿಬಿ ಹೇಳುವುದಲ್ಲ. ಜೆಸಿಬಿ ಬಂದಾಗಲೂ ಅದು ಚಿಕ್ಕ ಮನೆಯ ಮುಂದೆ ಮೊದಲು ನಿಲ್ಲುತ್ತದೆ, ದೊಡ್ಡ ಗೇಟಿನ ಮುಂದೆ ತಡೆಯಾಜ್ಞೆ ನೇತಾಡುತ್ತಿರುತ್ತದೆ. ಅದನ್ನೂ ನೋಡಿದ್ದೇನೆ.

ದುಡ್ಡಿನ ವಿಷಯ. ಶುಲ್ಕವನ್ನು ನೀರು ಇಂಗದ ನೆಲದ ಮೇಲೆ ಹಾಕಿ, ಕಟ್ಟಡದ ಒಟ್ಟು ಚದರದ ಮೇಲೆ ಬೇಡ. ಕಸದ ಶುಲ್ಕವನ್ನು 2025ರಿಂದ ಆಸ್ತಿ ತೆರಿಗೆ ಜೊತೆ, ಕಟ್ಟಡದ ಅಳತೆ ನೋಡಿ, ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ತೆಗೆದುಕೊಳ್ಳುತ್ತಿದ್ದಾರೆ. ಮಳೆಗೆ ಅದೇ ಪಟ್ಟಿ ನಕಲು ಮಾಡಿದರೆ ತಪ್ಪಾಗುತ್ತದೆ. ಒಂದೇ ತಾರಸಿಯ ಕೆಳಗೆ ಒಂದು ಅಂತಸ್ತು ಇರಲಿ, ಹತ್ತು ಇರಲಿ, ಬೀಳುವ ಮಳೆ ಅಷ್ಟೇ. ತಾರಸಿ ಮತ್ತು ಸಿಮೆಂಟು ಹಾಕಿದ ಅಂಗಳ, ಇವೆರಡೇ ಲೆಕ್ಕಕ್ಕೆ ಬರಬೇಕು. ಕಾಲುವೆ ಪಕ್ಕ ತಗಡಿನ ಶೆಡ್ಡಿನಲ್ಲಿ ಇರುವವರಿಗೆ ಶುಲ್ಕವೇ ಬೇಡ. ನೀರು ಬಂದಾಗ ಅವರು ಆಗಲೇ ಎಲ್ಲರಿಗಿಂತ ಜಾಸ್ತಿ ಕಟ್ಟುತ್ತಾರೆ.

ರಿಯಾಯಿತಿ ಇರಬೇಕು, ತಪಾಸಣೆ ಇಲ್ಲದ ರಿಯಾಯಿತಿ ಬೇಡ. 2009ರಿಂದ ಮಳೆಕೊಯ್ಲು ಕಡ್ಡಾಯ, 60-40ರ ಹಳೇ ಮನೆಗೆ, 30-40ರ ಹೊಸ ಮನೆಗೆ. ನಮ್ಮ ಬೀದಿಯಲ್ಲಿ ಒಂಬತ್ತು ಮನೆಗೆ ಮಳೆಕೊಯ್ಲಿನ ಪೈಪು ಇದೆ. ಅದರಲ್ಲಿ ಏಳು ಪೈಪಿನ ಇನ್ನೊಂದು ತುದಿ ರಸ್ತೆಗೆ ಬಿಟ್ಟಿದೆ. ಸುಮ್ನೆ ಸರ್ಟಿಫಿಕೇಟಿಗೆ ಹಾಕಿಸಿದ್ದು.

ವಸೂಲಾದ ಪ್ರತಿ ರೂಪಾಯಿ ಬೇರೆ ಖಾತೆಯಲ್ಲಿ ಇರಲಿ, ಅದನ್ನು ಮುಟ್ಟುವ ಅಧಿಕಾರ ಹಣಕಾಸು ಇಲಾಖೆಗೂ ಬೇಡ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯಕ್ಕೆ ಕರ ಕಟ್ಟುತ್ತೇವೆ, ಭಿಕ್ಷುಕರ ಪುನರ್ವಸತಿಗೂ ಕಟ್ಟುತ್ತೇವೆ. ಆ ದುಡ್ಡು ಅಲ್ಲಿಗೆ ಪೂರ್ತಿ ತಲುಪಿಲ್ಲ ಅಂತ ಎಷ್ಟು ಸಲ ಪತ್ರಿಕೆಯಲ್ಲಿ ಬಂದಿಲ್ಲ? ಜನಕ್ಕೆ ಹೊಸ ಶುಲ್ಕ ಅಂದರೆ ಮೈ ಉರಿಯುವುದು ಇದಕ್ಕೇ, ಜಿಪುಣತನಕ್ಕಲ್ಲ. ದರವನ್ನು ಆ ಸಂಸ್ಥೆ ತಾನೇ ನಿಗದಿ ಮಾಡಬಾರದು. ಕರೆಂಟಿನ ದರಕ್ಕೆ 1999ರಿಂದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ ಇದೆ, ಅಲ್ಲಿ ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ನನ್ನಂಥ ಮುದುಕರೂ ಎದ್ದು ನಿಂತು ಯೂನಿಟ್ಟಿಗೆ ಹತ್ತು ಪೈಸೆ ಯಾಕೆ ಜಾಸ್ತಿ ಅಂತ ಕೇಳಬಹುದು. ಮಳೆನೀರಿಗೂ ಅಂಥದ್ದೊಂದು ಕಟಕಟೆ ಬೇಕು. ಕಳೆದ ವರ್ಷ ಎಷ್ಟು ಕಿ.ಮೀ. ಹೂಳು ಎತ್ತಿದಿರಿ, ಎತ್ತಿದ ಹೂಳನ್ನು ಎಲ್ಲಿ ಹಾಕಿದಿರಿ, ಕಾಲುವೆ ಗಂಟೆಗೆ ಎಷ್ಟು ಮಿ.ಮೀ. ಮಳೆ ತಡೆಯುತ್ತದೆ, ಇದಕ್ಕೆಲ್ಲ ಉತ್ತರ ಕೊಟ್ಟ ಮೇಲೆ ದರ ಕೇಳಲಿ. ಹೂಳು ಎಲ್ಲಿ ಹಾಕಿದಿರಿ ಎಂಬುದು ತಮಾಷೆಗೆ ಕೇಳಿದ ಪ್ರಶ್ನೆಯಲ್ಲ. ನಮ್ಮಲ್ಲಿ ಎತ್ತಿದ ಹೂಳನ್ನು ಕಾಲುವೆಯ ದಡದ ಮೇಲೇ ಗುಡ್ಡೆ ಹಾಕಿ ಹೋಗಿದ್ದರು, ಮೊದಲ ಮಳೆಗೆ ಅದು ತನ್ನ ಜಾಗಕ್ಕೆ ತಾನೇ ವಾಪಸ್ ಹೋಯಿತು. ಬಿಲ್ ಮಾತ್ರ ಪಾಸಾಗಿರಬೇಕು.

ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಚುನಾವಣೆಯಲ್ಲಿ "ಮಳೆಗೂ ತೆರಿಗೆ ಹಾಕಿದ ಸರ್ಕಾರ" ಅಂತ ಎದುರಿನವರು ಬ್ಯಾನರ್ ಕಟ್ಟುತ್ತಾರೆ, ಮೇರಿಲ್ಯಾಂಡಿನಲ್ಲಿ ಕಟ್ಟಿದ ಹಾಗೇ. ಅದಕ್ಕೇ ಈ ಪತ್ರವನ್ನು 28 ಜನಕ್ಕೂ ಒಟ್ಟಿಗೆ ಬರೆದದ್ದು. ಒಬ್ಬರು ತಂದರೆ ಇನ್ನೊಬ್ಬರು ಕಾಲೆಳೆಯುತ್ತೀರಿ. ಒಟ್ಟಿಗೆ ತಂದರೆ ಬ್ಯಾನರ್ ಕಟ್ಟಲು ಯಾರೂ ಉಳಿಯುವುದಿಲ್ಲ. ಇಡೀ ಊರಿಗೆ ಒಂದೇ ಸಲ ಬೇಡ ಅನಿಸಿದರೆ ಒಂದು ಕಣಿವೆಯಿಂದ, ಎಕರೆ ಮೇಲ್ಪಟ್ಟ ಕ್ಯಾಂಪಸ್ಸು, ಮಾಲು, ಸರ್ಕಾರಿ ಕಟ್ಟಡಗಳಿಂದ ಶುರು ಮಾಡಿ. ಮನೆಗಳಿಗೆ ಮೊದಲ ಎರಡು ವರ್ಷ ಬಿಲ್ಲಿನಲ್ಲಿ ಲೀಟರ್ ಲೆಕ್ಕ ಮಾತ್ರ ತೋರಿಸಿ, ದುಡ್ಡಿನ ಜಾಗದಲ್ಲಿ ಸೊನ್ನೆ ಹಾಕಿ. ನಾನು ಅಳೆದ ಮೇಲೆ ನಮ್ಮ ಬೀದಿಯ ಇಬ್ಬರು ಅಂಗಳದ ಟೈಲ್ಸ್ ಕೀಳಿಸಿದ್ದಾರೆ, ಯಾರೂ ಅವರಿಗೆ ದಂಡ ಹಾಕಿರಲಿಲ್ಲ.

ಮಳೆಗಾಲದ ಅಧಿವೇಶನಕ್ಕೆ ಮೊದಲು ಒಂದು ಕರಡು ಮಸೂದೆ ಸಾರ್ವಜನಿಕರ ಮುಂದೆ ಬರಲಿ ಎಂಬುದು ನನ್ನ ಕೊನೆಯ ಕೋರಿಕೆ. ಆಕ್ಷೇಪಣೆಗೆ 30 ದಿನ ಕೊಟ್ಟರೆ ಸಾಕು, ನಾನು ಮೂರೇ ದಿನದಲ್ಲಿ ಬರೆದು ಕಳಿಸುತ್ತೇನೆ. ನಮ್ಮ ಬೀದಿಯ 34 ಸೈಟಿನ ಅಳತೆ, ಮಳೆಯ ಲೆಕ್ಕ, ಒಣಗಿಸಿದ ಚಕ್ಕುಬಂದಿಯ ಪ್ರತಿ, ಹನ್ನೊಂದು ಅರ್ಜಿಯ ಸ್ವೀಕೃತಿ ಚೀಟಿ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬೀರುವಿನಲ್ಲಿ ಇಡುವ ಧೈರ್ಯ ಈಗ ಇಲ್ಲ. ನಿಮ್ಮಲ್ಲಿ ಯಾರಿಗೆ ಬೇಕಾದರೂ ಇಳಿಸಿ ಕೊಡುತ್ತೇನೆ.

ಇಂತಿ,
ತಗ್ಗಿನ ಬೀದಿಯ ಒಬ್ಬ ನಿವಾಸಿ
ಬೆಂಗಳೂರು